ಚಳಿ ರಾತ್ರಿಗಳಲ್ಲಿ ಹೊರಗಿನ ಆರ್ಕಿಡ್ ಕಾಪಾಡುವುದು ಹೇಗೆ?

ಬೆಚ್ಚಗಿನ ಪ್ರದೇಶಗಳಲ್ಲಿ ಆರ್ಕಿಡ್ ವರ್ಷವಿಡೀ ಹೊರಗೇ ಬೆಳೆಯುತ್ತದೆ. ಜೋರು ಚಳಿ ಬೀಳುವುದು ಕೆಲವೇ ರಾತ್ರಿ, ಗಿಡ ಕೆಡುವುದೂ ಆಗಲೇ. ಚಳಿಯ ಜೊತೆ ಒದ್ದೆಯೂ ಸೇರಿದರಂತೂ ಗಿಡ ಉಳಿಯುವುದು ಕಷ್ಟ.

ಮೊದಲು ನಿಮ್ಮ ಗಿಡ ಯಾವುದು ಅಂತ ತಿಳಿದುಕೊಳ್ಳಿ. ಫೆಲನಾಪ್ಸಿಸ್‌ಗೆ ರಾತ್ರಿ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಒಗ್ಗುವುದಿಲ್ಲ. ವಾಂಡಾ ಕೂಡ ಸುಮಾರು ಹಾಗೆಯೇ. ಕ್ಯಾಟ್ಲಿಯಾ 12 ಡಿಗ್ರಿ ತಡೆಯುತ್ತದೆ, ಸಿಂಬಿಡಿಯಂ 5ರ ಹತ್ತಿರವೂ ಗಟ್ಟಿಯಾಗಿರುತ್ತದೆ. ಡೆಂಡ್ರೋಬಿಯಂ ನೋಬಿಲೆಗೆ ಹೂ ಬಿಡಲು ಚಳಿ ಬೇಕೇ ಬೇಕು. ಅದನ್ನು ಬೆಚ್ಚಗಿಟ್ಟು ನೀರು ಹಾಕುತ್ತಾ ಹೋದರೆ ಹೂವಿನ ಜಾಗದಲ್ಲಿ ಮರಿ ಗಿಡ ಹೊರಡುತ್ತದೆ. ಹಾಗಾಗಿ ಎಲ್ಲ ಕುಂಡಗಳನ್ನೂ ಸುಮ್ನೆ ಒಳಗೆ ಹೊತ್ತು ತರಬೇಡಿ.

ನೀರು ಹಾಕುವುದು ಬೆಳಿಗ್ಗೆ ಮಾತ್ರ, ಅದೂ ಬಿಸಿಲೇರಿದ ಮೇಲೆ. ತಣ್ಣೀರು ಬೇಡ, ಸ್ವಲ್ಪ ಹೊತ್ತು ಹೊರಗಿಟ್ಟು ತಣುಪು ಬಿಟ್ಟ ನೀರು ಒಳ್ಳೆಯದು. ಫೆಲನಾಪ್ಸಿಸ್‌ನ ಸುಳಿಯನ್ನು ಬಗ್ಗಿ ನೋಡಿ: ಎಲೆಗಳು ಕೂಡುವ ಆ ಬಟ್ಟಲಿನಲ್ಲಿ ಒಂದು ಹನಿ ನಿಂತಿದ್ದರೂ ಟಿಶ್ಯೂ ಕಾಗದದ ತುದಿಯಿಂದ ಹೀರಿಸಿ. ರಾತ್ರಿಯಿಡೀ ಅಲ್ಲೇ ನಿಂತ ನೀರಿನಿಂದ ಸುಳಿ ಕೊಳೆಯುತ್ತದೆ. ಗೊಬ್ಬರವನ್ನೂ ಕಡಿಮೆ ಮಾಡಿ.

ಮೋಡವಿಲ್ಲದ, ಗಾಳಿ ಆಡದ ರಾತ್ರಿಗಳಲ್ಲೇ ಚಳಿ ಜಾಸ್ತಿ. ನೆಲದ ಶಾಖವೆಲ್ಲ ತೆರೆದ ಆಕಾಶಕ್ಕೆ ಹೋಗಿಬಿಡುತ್ತದೆ. ಅಂಥ ಸಂಜೆ ಕುಂಡಗಳನ್ನು ಸೂರಿನ ಕೆಳಗೆ, ಹಗಲು ಬಿಸಿಲು ಕಾದ ಗೋಡೆಯ ಪಕ್ಕ ಒತ್ತೊತ್ತಾಗಿ ಜೋಡಿಸಿ. ತಗ್ಗು ಜಾಗ ಬೇಡ, ತಣ್ಣನೆ ಗಾಳಿ ಅಲ್ಲೇ ಬಂದು ನಿಲ್ಲುತ್ತದೆ.

ಮರಕ್ಕೆ ಕಟ್ಟಿದ ಗಿಡಗಳಿಗೆ ಹಳೆಯ ಬೆಡ್‌ಶೀಟ್ ಹೊದಿಸಿ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ಆ ಭಾಗಕ್ಕೇ ಚಳಿ ಹೊಡೆಯುತ್ತದೆ. ಅದನ್ನೇ ಬಳಸಬೇಕಾದರೆ ಕೋಲು ನೆಟ್ಟು ಎಲೆಗೆ ತಾಗದಂತೆ ಎತ್ತಿ ಕಟ್ಟಿ. ಬೆಳಿಗ್ಗೆ ಹೊದಿಕೆ ತೆಗೆಯಲು ಮಾತ್ರ ಮರೆಯಬೇಡಿ. ಬಿಸಿಲಿಗೆ ಒಳಗೆಲ್ಲ ಬೆಂದುಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಎಲೆಗೆ ಪೆಟ್ಟು ಬೀಳಬಹುದು. ಗುಳಿಬಿದ್ದ ಕಲೆಗಳು ಕೆಲವು ವಾರ ಕಳೆದ ಮೇಲೂ ಕಾಣಿಸಿಕೊಳ್ಳುತ್ತವೆ, ಗಾಬರಿಯಾಗಿ ತಕ್ಷಣ ಕತ್ತರಿ ಹಿಡಿಯಬೇಡಿ. ಗಿಡವನ್ನು ನೆರಳಿಗಿಟ್ಟು ಒಣಗಲು ಬಿಡಿ. ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಒಣಗಿ ಗಟ್ಟಿಯಾಗಿದ್ದರೆ ಎಲೆ ಹಾಗೇ ಇರಲಿ, ಗಿಡಕ್ಕೆ ಇನ್ನೂ ಆಹಾರ ಮಾಡಿಕೊಡುತ್ತದೆ. ಮೆತ್ತಗಾಗಿ ನೀರು ಒಸರುತ್ತಿದ್ದರೆ ಕೊಳೆ ಹತ್ತಿದೆ ಎಂದರ್ಥ. ಆಗ ತಡಮಾಡದೆ, ಬೆಂಕಿಯಲ್ಲಿ ಕಾಯಿಸಿ ಆರಿಸಿದ ಬ್ಲೇಡಿನಿಂದ ಹಸಿರು ಭಾಗ ಸ್ವಲ್ಪ ಸೇರಿಸಿಯೇ ಕತ್ತರಿಸಿ.