ಗಣಿತದ ಮಾಸ್ತರನ ಕಸೂತಿ ಕ್ಲಬ್

ಧಾರವಾಡದ ಹೊರವಲಯದಲ್ಲಿರುವ ಒಂದು ಅಂತರರಾಷ್ಟ್ರೀಯ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾ ಓದುವ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯ ಮಕ್ಕಳ ‘ಕ್ಯಾಸ್’ ಹೊಣೆಯೂ ನನ್ನ ತಲೆಯ ಮೇಲಿದೆ. ಕ್ಯಾಸ್ ಎಂದರೆ ಸೃಜನಶೀಲತೆ, ಚಟುವಟಿಕೆ, ಸೇವೆ. ಆರು ವಿಷಯಗಳಿಗೆ ತಲಾ 7ರಂತೆ 42, ದೀರ್ಘ ಪ್ರಬಂಧ ಮತ್ತು ‘ಥಿಯರಿ ಆಫ್ ನಾಲೆಜ್’ ಎರಡಕ್ಕೂ ಸೇರಿ 3, ಹೀಗೆ ಒಟ್ಟು 45 ಅಂಕಗಳು. ಅದರಲ್ಲಿ ಕ್ಯಾಸ್‌ನ ಪಾಲು ಸೊನ್ನೆ. ಆದರೆ 18 ತಿಂಗಳು ಅದನ್ನು ಬಿಡದೆ ನಡೆಸಿ, ದಾಖಲೆ ಇಡದಿದ್ದರೆ ಎಷ್ಟು ಅಂಕ ಬಂದರೂ ಡಿಪ್ಲೊಮಾ ಕೈಗೆ ಬರುವುದಿಲ್ಲ. ಪಾಲಕರಿಗೆ ಇದನ್ನು ಮನವರಿಕೆ ಮಾಡಿಕೊಡುವುದಕ್ಕಿಂತ ಕಲನಶಾಸ್ತ್ರ ಕಲಿಸುವುದೇ ಸುಲಭ.

ಪಾಲಕರನ್ನೂ ದೂರುವಂತಿಲ್ಲ. ಹುಬ್ಬಳ್ಳಿಯ ವ್ಯಾಪಾರಸ್ಥರು, ವೈದ್ಯರು ಇಷ್ಟೊಂದು ಶುಲ್ಕ ಕಟ್ಟಿದ ಮೇಲೆ ‘ನೀಟ್ ಗತಿ ಏನು?’ ಎಂದು ಕೇಳಿಯೇ ಕೇಳುತ್ತಾರೆ. ಐಬಿ ಡಿಪ್ಲೊಮಾ ನಮ್ಮ ಹನ್ನೆರಡನೆಯ ತರಗತಿಗೆ ಸಮ ಎಂದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಒಪ್ಪಿದೆ. ಆದರೆ ವೈದ್ಯಕೀಯಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಬೇಕು. ಐಬಿಯ ಸಾಮಾನ್ಯ ಚೌಕಟ್ಟಿನಲ್ಲಿ ಎರಡೇ ವಿಜ್ಞಾನಗಳಿಗೆ ಜಾಗ. ಮೂರನೆಯದಕ್ಕೆ ವಿಶೇಷ ಅನುಮತಿ ಕೇಳಬೇಕು, ಅದೂ ಹನ್ನೊಂದನೆಯ ತರಗತಿಯ ಆರಂಭದಲ್ಲೇ. ಈ ಮಾತು ಮೊದಲ ಸಭೆಯಲ್ಲೇ ಮುಗಿದರೆ ಕ್ಯಾಸ್ ಬಗ್ಗೆ ಕೇಳುವ ತಾಳ್ಮೆ ಅವರಲ್ಲಿ ಉಳಿದಿರುತ್ತದೆ.

ಕ್ಯಾಸ್ ಹೆಸರಿನಲ್ಲಿ ಬಹಳ ಕಡೆ ನಡೆಯುವುದು ನನಗೆ ಸೇರುವುದಿಲ್ಲ. ಒಂದು ಭಾನುವಾರ ಕೈಗವಸು ತೊಟ್ಟು ಕೆಲಗೇರಿ ಕೆರೆಯ ದಂಡೆಯಲ್ಲಿ ಪ್ಲಾಸ್ಟಿಕ್ ಆರಿಸಿ, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡರೆ ‘ಸೇವೆ’ ಮುಗಿಯಿತು. ಕೆರೆ ಮರುದಿನ ಮೊದಲಿನಂತೆಯೇ. ನನಗೆ ಬೇಕಿದ್ದದ್ದು ವಾರ ವಾರವೂ ಕೂತು ಕಲಿಯಬೇಕಾದ, ಕೈ ಪಳಗದೆ ಬಾರದ ಒಂದು ವಿದ್ಯೆ. ಕಸೂತಿಯನ್ನು ಆರಿಸಿಕೊಂಡದ್ದು ಊರಿನ ಅಭಿಮಾನಕ್ಕಲ್ಲ. ನನ್ನ ತಾಯಿಯ ಇಳಕಲ್ ಸೀರೆಯ ಸೆರಗನ್ನು ತಿರುವಿ ನೋಡಿದಾಗಲೆಲ್ಲ, ಒಳಮೈ ಹೊರಮೈ ಒಂದೇ ಥರ ಇರುವುದು ಹೇಗೆ ಎಂಬ ಪ್ರಶ್ನೆ ಗಣಿತದವನಾದ ನನ್ನನ್ನು ಕಾಡುತ್ತಿತ್ತು.

ಕಲಿಸಲು ಬಂದವರು ಹತ್ತಿರದ ಹಳ್ಳಿಯ ಹಿರಿಯ ಹೆಣ್ಣುಮಗಳು. ಮಕ್ಕಳು ಅವರನ್ನು ‘ಅಕ್ಕಾವರೇ’ ಎನ್ನುತ್ತಾರೆ, ಅವರು ನನ್ನನ್ನು ‘ಮಾಸ್ತರರೇ’ ಎನ್ನುತ್ತಾರೆ. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಇಳಕಲ್ ಸೀರೆಯ ನವಿರು ಎಳೆ ಹೊಸಬರ ಕಣ್ಣಿಗೆ ಸಿಕ್ಕುವುದಿಲ್ಲವಾದ್ದರಿಂದ ಮ್ಯಾಟಿ ಬಟ್ಟೆಯಿಂದ ಶುರು ಮಾಡಿದೆವು. ಅದರಲ್ಲಿ ಚೌಕಗಳು ಎದ್ದು ಕಾಣುತ್ತವೆ.

ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಬಿಟ್ಟ ಸಂದುಗಳು ತುಂಬುತ್ತವೆ. ಮುರಗಿಯೂ ಅದೇ, ಮೆಟ್ಟಿಲಿನಂತೆ ಏರಿಳಿಯುತ್ತದೆ ಅಷ್ಟೆ. ಗೆರೆ ನೆಟ್ಟಗಿದ್ದಾಗ ಯಾರೂ ತಪ್ಪುವುದಿಲ್ಲ. ಗೋಪುರದ ವಿನ್ಯಾಸಕ್ಕೆ ಬಂದಾಗ ಕವಲುಗಳು ಎದುರಾದವು. ‘ಕವಲೊಳಗೆ ಹೋದರೆ ಹೋದ ದಾರಿಯಲ್ಲೇ ವಾಪಸು ಬರಬೇಕು. ಸುತ್ತು ಹೊಡೆದು ಬಂದರೆ ದಾರ ಸಿಟ್ಟಾಗುತ್ತದೆ’ ಎಂದರು ಅಕ್ಕಾವರು. ಮಕ್ಕಳು ನಕ್ಕರು. ನಾನು ಮರುದಿನದ ಗಣಿತದ ಪಿರಿಯಡ್‌ನಲ್ಲಿ ಒಂದು ಚೌಕ, ಒಂದು ತ್ರಿಕೋನ ಬರೆದು, ದಾರ ಎಲ್ಲಿ ಸಿಟ್ಟಾಗುತ್ತದೆ ತೋರಿಸಿ ಎಂದೆ.

ಚೌಕದ ನಾಲ್ಕು ಬದಿಗಳನ್ನು ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಹೊಲಿದು, ಅದೇ ದಿಕ್ಕಿನಲ್ಲಿ ಎರಡನೆಯ ಸುತ್ತು ಹೋದರೆ ಮತ್ತೆ ಮೇಲೆ ಬಂದದ್ದೇ ಮೇಲೆ ಬರುತ್ತದೆ, ಸಂದು ಸಂದಾಗಿಯೇ ಉಳಿಯುತ್ತದೆ. ತಿರುಗಿ ಬಂದ ದಾರಿಯಲ್ಲೇ ಹೋದರೆ ಎಲ್ಲ ಬದಿಗಳೂ ತುಂಬುತ್ತವೆ. ತ್ರಿಕೋನದಲ್ಲಿ ಮಾತ್ರ ಎರಡೂ ರೀತಿ ನಡೆಯುತ್ತದೆ, ಏಕೆಂದರೆ ಮೂರು ಬೆಸ. ಇಲ್ಲಿಂದ ಗಣಿತಜ್ಞ ಆಯ್ಲರ್ ಬಿಡಿಸಿದ ಕೋನಿಗ್ಸ್‌ಬರ್ಗ್ ಊರಿನ ಸೇತುವೆಗಳ ಒಗಟಿಗೆ ಹೋಗುವುದು ಕಷ್ಟವಾಗಲಿಲ್ಲ. ಪ್ರತಿ ಸೇತುವೆಯನ್ನು ಒಮ್ಮೆ ಮಾತ್ರ ದಾಟಿ ಊರೆಲ್ಲ ಸುತ್ತಲಾಗದು ಎಂದು ಆತ 1736ರಲ್ಲಿ ತೋರಿಸಿದ. ಕಸೂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ ದಾಟುವುದರಿಂದ ಪ್ರತಿ ಸಂಧಿಯಲ್ಲೂ ಕೂಡುವ ದಾರಿಗಳ ಸಂಖ್ಯೆ ಸಮವಾಗುತ್ತದೆ, ಒಂದಕ್ಕೊಂದು ಕೂಡಿರುವ ಯಾವ ವಿನ್ಯಾಸವೂ ನಡುವೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಕೂಡಿರದಿದ್ದರೆ? ಗೋಪುರದ ನಡುವೆ ಒಂಟಿ ಚುಕ್ಕೆ ಬೇಕೆಂದು ಒಬ್ಬ ಹುಡುಗ ಹಟ ಹಿಡಿದಾಗ ಅಕ್ಕಾವರು ಮಾತಾಡದೆ ಒಂದು ಸಣ್ಣ ಗೆರೆ ಸೇರಿಸಿ ಚುಕ್ಕೆಯನ್ನು ಗೋಪುರದ ಗೋಡೆಗೆ ಕೂಡಿಸಿಬಿಟ್ಟರು. ಇಲ್ಲದಿದ್ದರೆ ಹಿಂಬದಿಯಲ್ಲಿ ದಾರ ಹಾರಬೇಕಾಗುತ್ತಿತ್ತು.

ಹನ್ನೊಂದನೆಯ ತರಗತಿಯ ಹುಡುಗಿಯೊಬ್ಬಳು ಇದನ್ನೇ ಗಣಿತದ ‘ಎಕ್ಸ್‌ಪ್ಲೊರೇಶನ್’ ಮಾಡುತ್ತೇನೆ ಎಂದಳು. ಅದು 12ರಿಂದ 20 ಪುಟಗಳ ಸ್ವಂತ ಬರಹ, ಗಣಿತದ ಒಟ್ಟು ಅಂಕದಲ್ಲಿ ಶೇಕಡ 20 ಅದರದ್ದು. ಐಬಿಯ ನಿಯಮ ಇಲ್ಲಿ ಬಿಗಿ: ಕ್ಯಾಸ್‌ಗೆ ತೋರಿಸಿದ ಕೆಲಸವನ್ನು ಅಂಕದ ಕೆಲಸಕ್ಕೆ ಬಳಸುವಂತಿಲ್ಲ. ಒಂದೇ ಎತ್ತನ್ನು ಎರಡು ಗಾಡಿಗೆ ಹೂಡಬೇಡ ಎಂದು ನಾನೂ ಹೇಳಿದೆ. ಅವಳು ಬಟ್ಟೆಯನ್ನು ಕ್ಯಾಸ್‌ಗೆ ಬಿಟ್ಟು, ಕಾಗದದ ಮೇಲೆ ಬೇರೆಯದೇ ಪ್ರಶ್ನೆ ಹಿಡಿದಳು. ಅಡ್ಡ ಮತ್ತು ಲಂಬ ಹೊಲಿಗೆಗಳಷ್ಟೇ ಇದ್ದಾಗ ಸೂಜಿ ಚುಚ್ಚುವ ಬಿಂದುಗಳಿಗೆ ಚದುರಂಗದ ಮನೆಗಳಂತೆ ಕಪ್ಪು, ಬಿಳಿ ಬಣ್ಣ ಕೊಡಬಹುದು. ಕಪ್ಪಿನಿಂದ ಬಿಳಿಗೆ ಹೋಗುವಾಗ ದಾರ ಮೇಲೆ, ಬಿಳಿಯಿಂದ ಕಪ್ಪಿಗೆ ಬರುವಾಗ ಕೆಳಗೆ. ಓರೆ ಹೊಲಿಗೆ ಬಂದ ಕೂಡಲೇ ಆ ಬಣ್ಣ ಕೈಕೊಡುತ್ತದೆ, ಆದರೂ ಕಸೂತಿ ಕೆಡುವುದಿಲ್ಲ. ಏಕೆ ಎಂಬುದೇ ಅವಳ ವಿಷಯ. ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ. ಮೌಲ್ಯಮಾಪನದ ಐದು ಮಾನದಂಡಗಳಲ್ಲಿ ‘ವೈಯಕ್ತಿಕ ತೊಡಗುವಿಕೆ’ಯೂ ಒಂದು. ಮಾಸ್ತರರ ಉತ್ತರ ಬರೆದುಕೊಂಡವರ ಬರಹದಲ್ಲಿ ಅದು ಎಲ್ಲಿಂದ ಬರಬೇಕು?

ಇಂಥ ಕ್ಲಬ್ ಶುರು ಮಾಡುವವರಿಗೆ ನನ್ನ ಅನುಭವದಿಂದ ಹೇಳುವುದಾದರೆ, ಶನಿವಾರ ಮಧ್ಯಾಹ್ನ ಇಡಬೇಡಿ, ಆಗ ಮಕ್ಕಳನ್ನು ಟ್ಯೂಷನ್ ಎಳೆದುಕೊಂಡು ಹೋಗುತ್ತದೆ. ವಾರದ ನಡುವೆ, ವೇಳಾಪಟ್ಟಿಯೊಳಗೇ ಇರಲಿ. ಹುಡುಗರಿಗೆ ಬೇರೆ ಚಟುವಟಿಕೆ ಎಂಬ ವಿಂಗಡಣೆಯೂ ಬೇಡ; ನಮ್ಮಲ್ಲಿ ಎಳೆ ಎಣಿಸುವುದರಲ್ಲಿ ಫುಟ್‌ಬಾಲ್ ತಂಡದವರೇ ಮುಂದು.

ದೊಡ್ಡ ಜಗ್ಗಾಟ ನಡೆದದ್ದು ಗೌರವಧನದ ವಿಷಯದಲ್ಲಿ. ಅಕ್ಕಾವರ ಹತ್ತಿರ ಪದವಿಪತ್ರ ಇಲ್ಲ, ಹಾಗಾಗಿ ಲೆಕ್ಕಪತ್ರದ ವಿಭಾಗದವರು ಅವರನ್ನು ‘ಇತರೆ ವೆಚ್ಚ’ದಲ್ಲಿ ಸೇರಿಸಿದ್ದರು. 2006ರಲ್ಲೇ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಪಡೆದ ಕಲೆಯನ್ನು ಕಲಿಸುವವರು ಬಲ್ಬು, ಪೊರಕೆಗಳ ಸಾಲಿನಲ್ಲಿ ಕೂರಬೇಕೇ ಎಂದು ಬರೆದು ಕೊಟ್ಟೆ. ಹುಬ್ಬಳ್ಳಿಯಿಂದ ಗಿಟಾರ್ ಕಲಿಸಲು ಬರುವವರಿಗೆ ಕೊಡುವಷ್ಟೇ ಕೊಡಬೇಕು, ಬಸ್ ಖರ್ಚು ಬೇರೆ ಎಂದೂ ಸೇರಿಸಿದೆ. ಎರಡಕ್ಕೂ ಒಪ್ಪಿದರು. ಬಸ್ ಖರ್ಚಿಗೆ ಮಾತ್ರ ಇನ್ನೂ ಪ್ರತಿ ತಿಂಗಳು ಟಿಕೆಟ್ ಅಂಟಿಸಿ ಕೊಡಬೇಕು.