ಗಂಗಾವತಿಯಲ್ಲಿ ಲೇಟೆಕ್: ಹಾಕಿದ್ದು, ತೆಗೆದಿದ್ದು

ಗಂಗಾವತಿಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳುತ್ತೇನೆ. ವಾರಕ್ಕೊಂದು ಪ್ರಶ್ನೆಪತ್ರಿಕೆ ಬೇಕೇ ಬೇಕು. ಮೊದಲು ಆಫೀಸ್ ಸಾಫ್ಟ್‌ವೇರ್‌ನಲ್ಲೇ ಮಾಡುತ್ತಿದ್ದೆ. ಒಂದು ಭಿನ್ನರಾಶಿ ತಿದ್ದಿದರೆ ಕೆಳಗಿನ ನಾಲ್ಕು ಪ್ರಶ್ನೆ ಮುಂದಿನ ಪುಟಕ್ಕೆ ಜಾರುತ್ತಿದ್ದವು. ಬೇಸತ್ತು, ಅಕ್ಷರ-ಗಣಿತ ಜೋಡಿಸಿ ಪುಟ ತಯಾರಿಸುವ ಸಾಫ್ಟ್‌ವೇರ್ ಲೇಟೆಕ್‌ಗೆ ಬಂದೆ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಬರೆದ ಟೆಕ್ ಎಂಬ ಅಚ್ಚುಜೋಡಣೆಯ ಸಾಫ್ಟ್‌ವೇರ್ ಮೇಲೆ ಕಟ್ಟಿದ್ದು ಅದು. ಗಣಿತ ಚೆಂದವಾಗಿ ಅಚ್ಚಾಗಬೇಕು ಅನ್ನೋದೇ ಟೆಕ್ ಹುಟ್ಟಿದ ಕಾರಣ.

ನನ್ನದು ಉಬುಂಟು (ಲಿನಕ್ಸ್) ಲ್ಯಾಪ್‌ಟಾಪ್. ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆರೆದು 'ಸುಡೊ ಆಪ್ಟ್ ಇನ್‌ಸ್ಟಾಲ್ ಟೆಕ್ಸ್‌ಲೈವ್-ಫುಲ್' ಅಂದುಬಿಟ್ಟೆ. (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷಿನಲ್ಲೇ ಟೈಪ್ ಮಾಡಿ.) ಆಪ್ಟ್ ಅಂದರೆ ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ, ತೆಗೆಯುವ ಕಮಾಂಡ್. ಟೆಕ್ಸ್‌ಲೈವ್-ಫುಲ್ ಅಂದರೆ ಲೇಟೆಕ್‌ಗೆ ಸಂಬಂಧಿಸಿದ್ದನ್ನೆಲ್ಲ ಒಟ್ಟಿಗೆ ತರುವ ಪ್ಯಾಕೇಜ್. ಇಳಿಸಬೇಕಾದ್ದು 2 ಜಿಬಿಗಿಂತ ಜಾಸ್ತಿ, ಡಿಸ್ಕಿನಲ್ಲಿ ಹಿಡಿಯೋದು 5 ಜಿಬಿಗಿಂತ ಜಾಸ್ತಿ ಅಂತ ಅದೇ ತೋರಿಸಿತು. ನನಗಿದ್ದದ್ದು ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕೆ 1.5 ಜಿಬಿ. ಆದರೂ ವೈ ಒತ್ತಿದೆ. ಅರ್ಧದಲ್ಲಿ ಡೇಟಾ ಮುಗಿಯಿತು. ಮರುದಿನ ಅದೇ ಕಮಾಂಡ್ ಕೊಟ್ಟಾಗ, ಇಳಿದಿದ್ದ ಫೈಲುಗಳನ್ನು ಬಿಟ್ಟು ಉಳಿದವನ್ನು ಮಾತ್ರ ತಂದಿತು. ಇದು ಆಪ್ಟ್‌ನ ದೊಡ್ಡ ಗುಣ.

ಪ್ಯಾಕೇಜ್ ಬಿಚ್ಚಿಕೊಳ್ಳುವಾಗ ಕರೆಂಟ್ ಹೋಯಿತು. ಬ್ಯಾಟರಿ ಹಳೇದು, ಲ್ಯಾಪ್‌ಟಾಪ್ ಆಫ್. ಮತ್ತೆ ಆನ್ ಮಾಡಿದರೆ ಆಪ್ಟ್ ಯಾವುದಕ್ಕೂ ಒಪ್ಪಲಿಲ್ಲ, ಡಿಪಿಕೆಜಿ (ಆಪ್ಟ್ ಇಳಿಸಿದ್ದನ್ನು ಬಿಚ್ಚಿ ಕೂರಿಸುವ ಪ್ರೋಗ್ರಾಂ) ಅರ್ಧಕ್ಕೆ ನಿಂತಿದೆ ಅಂತ ಮೆಸೇಜ್. 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಕೊಟ್ಟೆ, ಬಾಕಿ ಕೆಲಸ ಮುಗಿಯಿತು. ಆಮೇಲೆ ಕಾನ್‌ಟೆಕ್ಸ್ಟ್ (ಟೆಕ್ ಮೇಲೆ ಕಟ್ಟಿದ ಇನ್ನೊಂದು ಸಾಫ್ಟ್‌ವೇರ್) ಫಾರ್ಮ್ಯಾಟ್ ತಯಾರಿಸುವ ಸಾಲಿನಲ್ಲಿ ತುಂಬಾ ಹೊತ್ತು ನಿಂತುಬಿಟ್ಟಿತು. ಎಂಟರ್ ಒತ್ತುತ್ತಾ ಹೋದೆ, ಮುಂದೆ ಸಾಗಿತು. ನಿಮಗೂ ಅಲ್ಲೇ ನಿಂತರೆ ವಿಂಡೋ ಮುಚ್ಚಬೇಡಿ, ಮೊದಲು ಎಂಟರ್ ಒತ್ತಿ ನೋಡಿ.

ಕನ್ನಡಕ್ಕೆ ಝೀಲೇಟೆಕ್ ಬೇಕು, ಅಂದರೆ ಝೀಟೆಕ್ ಎಂಬ ಟೆಕ್ ಆವೃತ್ತಿಯ ಮೇಲೆ ಓಡುವ ಲೇಟೆಕ್. ಯೂನಿಕೋಡ್ ಅಕ್ಷರವನ್ನೂ ಸಿಸ್ಟಮ್‌ನಲ್ಲಿರುವ ಫಾಂಟನ್ನೂ ಅದು ನೇರವಾಗಿ ತಗೊಳ್ಳುತ್ತದೆ. ಫಾಂಟಿಗೆ ಫಾಂಟ್ಸ್-ನವಿಲು, ಫಾಂಟ್ಸ್-ಗುಬ್ಬಿ ಎರಡೂ ಆಪ್ಟ್‌ನಲ್ಲೇ ಸಿಗುತ್ತವೆ. ಮೊದಲ ಪಿಡಿಎಫ್ ತೆಗೆದಾಗ 'ಭಿನ್ನರಾಶಿ' ಅನ್ನೋ ಪದದಲ್ಲಿ ಒತ್ತು ಕೆಳಗೆ ಇಳಿದಿರಲಿಲ್ಲ. 'ಭಿನ್‌ನರಾಶಿ' ಅಂತ ಎರಡು ನಕಾರ ಅಕ್ಕಪಕ್ಕ ನಿಂತಿದ್ದವು. ಮಕ್ಕಳ ಕೈಗೆ ಅದನ್ನು ಕೊಡೋಕೆ ಮನಸ್ಸು ಒಪ್ಪಲಿಲ್ಲ. ಫಾಂಟ್ ಆರಿಸುವ ಲೇಟೆಕ್ ಪ್ಯಾಕೇಜ್ ಫಾಂಟ್‌ಸ್ಪೆಕ್‌ನಲ್ಲಿ ಫಾಂಟ್ ಹೆಸರಿನ ಜೊತೆ 'ಸ್ಕ್ರಿಪ್ಟ್=ಕನ್ನಡ' ಅಂತ ಸೇರಿಸಿದೆ. ಒತ್ತಕ್ಷರ ತನ್ನ ಜಾಗಕ್ಕೆ ಬಂತು.

ಆದರೆ ಡಿಸ್ಕ್ ತುಂಬಿತ್ತು. ಚೈನೀಸ್, ಜಪಾನೀಸ್, ಗ್ರೀಕ್ ಪ್ಯಾಕೇಜು ನನಗೆ ಯಾಕೆ ಬೇಕು? 'ಸುಡೊ ಆಪ್ಟ್ ರಿಮೂವ್ ಟೆಕ್ಸ್‌ಲೈವ್-ಫುಲ್' ಕೊಟ್ಟೆ. ಕಣ್ಣುಮುಚ್ಚಿ ತೆಗೆಯೋದರಲ್ಲಿ ಮುಗಿಯಿತು, ಜಾಗ ಮಾತ್ರ ಹಾಗೇ ಇತ್ತು. ಯಾಕಂದ್ರೆ ಟೆಕ್ಸ್‌ಲೈವ್-ಫುಲ್ ಒಂದು ಪಟ್ಟಿ ಅಷ್ಟೇ. ಸರಕೆಲ್ಲ ಅದು ಎಳೆದು ತಂದ ಬೇರೆ ಪ್ಯಾಕೇಜುಗಳಲ್ಲಿದೆ. ಅವು ಹೋಗೋದು ಆಟೋರಿಮೂವ್‌ನಿಂದ, ಅಂದರೆ ತಾವಾಗಿ ಬಂದು ಈಗ ಬೇಡವಾದ ಪ್ಯಾಕೇಜುಗಳನ್ನು ತೆಗೆಯುವ ಕಮಾಂಡಿನಿಂದ. ಅದನ್ನು ಹಾಗೇ ಕೊಟ್ಟರೆ ಝೀಟೆಕ್ ಕೂಡ ಹೊರಟುಹೋಗುತ್ತದೆ, ಅದೂ ಪಟ್ಟಿಯ ಜೊತೆ ಬಂದದ್ದೇ ಅಲ್ವಾ?

ಅದಕ್ಕೆ ಮೊದಲು 'ಸುಡೊ ಆಪ್ಟ್ ಇನ್‌ಸ್ಟಾಲ್ ಟೆಕ್ಸ್‌ಲೈವ್-ಝೀಟೆಕ್ಸ್ ಟೆಕ್ಸ್‌ಲೈವ್-ಲೇಟೆಕ್ಸ್-ರೆಕಮೆಂಡೆಡ್' ಅಂದೆ. ಇರೋದನ್ನೇ ಮತ್ತೆ ಕೇಳಿದ್ದರಿಂದ ಡೇಟಾ ಖರ್ಚಾಗಲಿಲ್ಲ. ನಾನೇ ಬೇಕೆಂದು ಹಾಕಿಕೊಂಡದ್ದು ಅಂತ ಗುರುತು ಬಿತ್ತು, ಅಷ್ಟು ಸಾಕು. ಆಮೇಲೆ 'ಸುಡೊ ಆಪ್ಟ್ ಆಟೋರಿಮೂವ್ -ಎಸ್'. ಈ ಎಸ್ ಇದ್ದರೆ ಏನೂ ಅಳಿಯುವುದಿಲ್ಲ, ಏನೇನು ಹೋಗುತ್ತದೆ ಅಂತ ತೋರಿಸುತ್ತದೆ. ಪಟ್ಟಿಯನ್ನು ಪೂರ್ತಿ ಓದಿದೆ. ಝೀಟೆಕ್ ಅದರಲ್ಲಿ ಇರಲಿಲ್ಲ. ಆಗ ಎಸ್ ತೆಗೆದು '--ಪರ್ಜ್' ಸೇರಿಸಿ ಓಡಿಸಿದೆ, ಸೆಟ್ಟಿಂಗ್ ಫೈಲುಗಳೂ ಹೋಗಲಿ ಅಂತ. ಕೊನೆಗೆ 'ಡಾಕ್' ಎಂದು ಮುಗಿಯುವ ಕೆಲವು ಪ್ಯಾಕೇಜುಗಳು ಉಳಿದವು, ಅವನ್ನು ಹೆಸರು ಹೇಳಿ ತೆಗೆದೆ. 'ಸುಡೊ ಆಪ್ಟ್ ಕ್ಲೀನ್' ಕೊಟ್ಟ ಮೇಲೆ ಇಳಿಸಿಟ್ಟ ಫೈಲುಗಳೂ ಖಾಲಿ.

ಆ ಭಾನುವಾರ ವರ್ಗಸಮೀಕರಣದ ಪತ್ರಿಕೆ ತೆಗೆದೆ. ವರ್ಗಮೂಲದ ಚಿಹ್ನೆಯ ಮೇಲ್ಗೆರೆ ಸರಿಯಾಗಿ ಕೊನೆಯ ಅಂಕಿಯವರೆಗೆ ಬಂದು ನಿಂತಿತ್ತು.