‘ಫಾಸ್ಟ್’ ಕಲಿಸಿದ ಬಗೆ

ಮುಂಬೈಯ ಮಾಟುಂಗಾದಲ್ಲಿ ಹೋಟೆಲು, ಅಂಗಡಿಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಒಂದೇ ಪದಕ್ಕೆ ಹತ್ತಾರು ಅರ್ಥ ಇದ್ದರೆ ನಾನು ಪಟ್ಟಿ ಬರೆಸುವುದಿಲ್ಲ. ಬಾಯಿಪಾಠ ಮಾಡಿದ್ದು ಮರುದಿನ ನೆನಪಿರಲ್ಲ. ಪದದ ಬೇರು ಹಿಡಿದು ಹೊರಡುತ್ತೇನೆ.

‘ಫಾಸ್ಟ್’ ಅಂದ್ರೆ ಏನು ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ದಾದರ್‌ನಲ್ಲಿ ನಿಂತು, ಮಾಟುಂಗಾ ಬಿಟ್ಟು ಓಡುವ ಲೋಕಲ್. ಆದರೆ ಈ ಪದದ ಹಳೆಯ ಅರ್ಥ ವೇಗ ಅಲ್ಲ. ಗಟ್ಟಿ, ಭದ್ರ, ಅಲುಗಾಡದ್ದು. ಇದನ್ನು ಹೇಳಿದರೆ ಯಾರೂ ನಂಬಲ್ಲ. ಅದಕ್ಕೇ ಬೋರ್ಡಿನ ಮೇಲೆ ಬರೆಯುತ್ತೇನೆ: ‘ದ ಫಾಸ್ಟ್ ಟ್ರೇನ್ ಈಸ್ ಸ್ಟಕ್ ಫಾಸ್ಟ್ ನಿಯರ್ ಕುರ್ಲಾ.’ ಜುಲೈ ಮಳೆಯಲ್ಲಿ ಸಾಯನ್-ಕುರ್ಲಾ ನಡುವೆ ಹಳಿ ಮೇಲೆ ನೀರು ನಿಂತು, ರೈಲಲ್ಲೇ ಸಿಕ್ಕಿಬಿದ್ದವರಿಗೆ ಮತ್ತೆ ವಿವರಣೆ ಯಾಕೆ?

ಆಮೇಲೆ ಸಲೀಸು. ಬಣ್ಣ ಬಿಡದ ಬಟ್ಟೆ ಫಾಸ್ಟ್ ಕಲರ್. ಎಬ್ಬಿಸಿದರೂ ಏಳದವನು ಫಾಸ್ಟ್ ಅಸ್ಲೀಪ್.

ಗಟ್ಟಿ ಅನ್ನೋದು ವೇಗ ಆಗಿದ್ದು ಹೇಗೆ? ನಮ್ಮ ‘ಜೋರು’ ನೋಡಿ. ಜೋರಾಗಿ ಎಳೆ ಅಂದರೆ ಬಲ, ಜೋರಾಗಿ ಓಡು ಅಂದರೆ ವೇಗ. ಅಲ್ಲೂ ಸುಮಾರು ಹಾಗೇ, ಬಿಡದೆ ಬಲವಾಗಿ ಓಡುವುದೇ ಬರಬರುತ್ತಾ ಬೇಗ ಓಡುವುದಾಯಿತು.

‘ಸರ್, ಉಪವಾಸಕ್ಕೂ ಫಾಸ್ಟ್ ಅಂತಾರಲ್ಲ?’ ಕುಂದಾಪುರದ ಹುಡುಗನೊಬ್ಬ ಕೇಳಿದ.

‘ಊರಲ್ಲಿ ವ್ರತ ಏನ್ ಮಾಡ್ತಾರಪ್ಪ?’

‘ಹಿಡೀತಾರೆ ಸರ್.’

ಅಷ್ಟೇ. ನೇಮವನ್ನು ಗಟ್ಟಿಯಾಗಿ ಹಿಡಿಯುವುದೇ ಆ ಫಾಸ್ಟ್. ಅದನ್ನು ಮುರಿದರೆ ಬ್ರೇಕ್‌ಫಾಸ್ಟ್. ದಿನಾ ಬೆಳಿಗ್ಗೆ ಹೋಟೆಲಿನ ಹಲಗೆ ಮೇಲೆ ಆ ಪದ ಬರೆಯುವವನೇ ಇವನು! ಬರೆದದ್ದನ್ನು ಒಡೆದು ನೋಡಿರಲಿಲ್ಲ, ಅಷ್ಟೇ.

ಎರಡು ಕಡೆ ಮಾತ್ರ ಜಾಸ್ತಿ ತಿದ್ದಬೇಕಾಗುತ್ತದೆ. ಗಟ್ಟಿಯಾಗಿ ಬಿಗಿ ಅನ್ನುವ ಅರ್ಥದ ‘ಫಾಸನ್’ (fasten) ಅನ್ನುವಾಗ ನಡುವಿನ ‘ಟಿ’ ಬರೆಯಬೇಕು, ಬಾಯಲ್ಲಿ ಬರಬಾರದು. ಇನ್ನು ‘ಸ್ಲೋಲಿ’ ಇದೆಯಲ್ಲ ಅಂತ ‘ಫಾಸ್ಟ್‌ಲಿ’ ಅಂತಾರೆ. ಅದು ಇಲ್ಲ. ಓಡುವುದಕ್ಕೂ ಫಾಸ್ಟೇ, ಅಂಟಿಕೊಳ್ಳುವುದಕ್ಕೂ ಫಾಸ್ಟೇ. ಇದಕ್ಕೆ ಉಪಾಯ ಏನೂ ಇಲ್ಲ. ಅಂದಾಗಲೆಲ್ಲ ಅಲ್ಲೇ ತಡೆದು, ಇಡೀ ವಾಕ್ಯ ಮತ್ತೆ ಹೇಳಿಸುತ್ತೇನೆ.